ಮಳೆಕೊಳವೆಯ ಸ್ಟೇಷನ್ನು

ಕಿವಿಯ ಮೇಲೆ ಹೂ ಇಡಿಸಿಕೊಂಡವರನ್ನು ಎಲ್ಲರೂ ಕಂಡಿದ್ದಾರೆ. ಕಿವಿಯ ಮೇಲೆ ಮಳೆನೀರಿನ ಕೊಳವೆ ಇಡಿಸಿಕೊಂಡವರು ಅಪರೂಪ. ಅಂಥ ಒಬ್ಬರ ಕತೆ ಇದು. ಕತೆ ಎಂದ ಮಾತ್ರಕ್ಕೆ ಕಟ್ಟಿದ್ದೆಂದು ತಿಳಿಯಬೇಡಿ. ಒಗ್ಗರಣೆಯೊಂದನ್ನು ಬಿಟ್ಟರೆ ಮಿಕ್ಕದ್ದೆಲ್ಲ ನಡೆದದ್ದು ನಡೆದ ಹಾಗೆಯೇ ಇದೆ.

ಆಕೆಗೆ ಬಸ್ ನಿಲ್ದಾಣದ ಎದುರಿನ ಕಟ್ಟಡದಲ್ಲಿ ಕೆಳಗೆ ಕನ್ನಡಕದ ಅಂಗಡಿ, ಮೂರನೇ ಮಹಡಿಯಲ್ಲಿ ಮನೆ. ಊರಿನ ಹವ್ಯಾಸಿ ರೇಡಿಯೋ ಕ್ಲಬ್ಬಿಗೆ ಆಕೆಯನ್ನು ಎಳೆದು ತಂದವನು ಮೈದುನ. ಅವನು ‘ಅತ್ತಿಗೆ’ ಎಂದು ಕರೆಯುವುದನ್ನು ಕೇಳಿ ಕೇಳಿ ಕ್ಲಬ್ಬಿನವರೆಲ್ಲ ಅದನ್ನೇ ಹಿಡಿದುಕೊಂಡರು. ಕ್ಲಬ್ಬಿನಲ್ಲಿ ಎಪ್ಪತ್ತು ದಾಟಿದ ಹಿರಿಯರೊಬ್ಬರಿಗೂ ಆಕೆ ಅತ್ತಿಗೆಯೇ. ಆ ಹಿರಿಯರ ಮನೆಯ ಮೇಲೆ ಮುಗಿಲಿಗೆ ಮೂತಿ ಚಾಚಿದ ಆಂಟೆನಾ ಗೋಪುರವಿತ್ತು, ಅವರೂ ಬಾಗಿಲಿಗೆ ತಲೆ ತಗ್ಗಿಸಿಯೇ ಒಳಬರುವಷ್ಟು ಎತ್ತರ. ಹಾಗಾಗಿ ಅವರು ‘ಗೋಪುರದವರು’.

ಮೈದುನ ನಿಲ್ದಾಣದಲ್ಲಿ ಬಸ್ಸು ಬಂತು, ಬಸ್ಸು ಹೋಯಿತು ಎಂದು ಮೈಕಿನಲ್ಲಿ ಕೂಗುವವನು. ಅವನ ಗಂಟಲಲ್ಲಿ ಅವನದೊಂದು ಬಿಟ್ಟು ಊರಿನವರೆಲ್ಲರ ದನಿಯೂ ಇತ್ತು. ಮೇಲಧಿಕಾರಿಯ ಗೊಗ್ಗರು ದನಿಯಲ್ಲಿ ಡ್ರೈವರುಗಳಿಗೆ ರಜೆ ಮಂಜೂರು ಮಾಡಿ ಒಮ್ಮೆ ಸಿಕ್ಕಿಬಿದ್ದಿದ್ದ. ಕೂಗಬೇಕಾದ್ದನ್ನು ಮೊದಲೇ ರೆಕಾರ್ಡು ಮಾಡಿಟ್ಟು ಕಾಫಿಗೆ ಹೋಗಿಯೂ ಸಿಕ್ಕಿಬಿದ್ದಿದ್ದ.

ಕ್ಲಬ್ಬಿನ ಕೋಣೆಯ ಗೋಡೆಯ ಮೇಲೆ ಒಂದು ದೊಡ್ಡ ಪ್ರಪಂಚದ ನಕ್ಷೆ. ಯಾವ ದೂರದ ಸ್ಟೇಷನ್ನನ್ನು ಯಾರು ತಮ್ಮ ಸ್ವಂತ ಸೆಟ್ಟಿನಲ್ಲಿ ಹಿಡಿದರೋ ಅಲ್ಲಿ ಅವರ ಬಣ್ಣದ ಗುಂಡುಪಿನ್ನು. ಆದರೆ ಸುಮ್ಮನೆ ಚುಚ್ಚುವ ಹಾಗಿಲ್ಲ. ಇನ್ನೊಬ್ಬ ಸದಸ್ಯರು ಅದೇ ಸೆಟ್ಟಿಗೆ ಕಿವಿಗೊಟ್ಟು ಹೌದು ಎನ್ನಬೇಕು. “ಕಾಯ್ತಾ ಕೂತವರ ಕಿವಿ ಆಸೆಬುರುಕ. ಬೇಕಾದ್ದನ್ನೇ ಕೇಳಿಸ್ಕೊಳ್ಳುತ್ತೆ,” ಎಂದು ಗೋಪುರದವರು ಎಂದೋ ಮಾಡಿದ ಕಾಯಿದೆ ಅದು. ಸೇರಿದ ಒಂದು ವರ್ಷದೊಳಗೆ ಒಂದಾದರೂ ಪಿನ್ನು ಚುಚ್ಚಿದವರಿಗೆ ಕ್ಲಬ್ಬಿನ ಮಾಳಿಗೆಯ ದೊಡ್ಡ ಸ್ಟೇಷನ್ನಿನ ಬೀಗದಕೈ, ವಾರದಲ್ಲಿ ಒಂದು ಸಂಜೆ. ಅಲ್ಲಿಂದ ಸಮುದ್ರದಾಚೆಗೆ ಕೇಳುವುದಷ್ಟೇ ಅಲ್ಲ, ಮಾತೂ ಆಡಬಹುದು. ಚುಚ್ಚದವರು ಮತ್ತೆ ಸಾಲಿನ ಕೊನೆಗೆ.

ಅತ್ತಿಗೆಯ ವರ್ಷ ಮುಂದಿನ ಭಾನುವಾರಕ್ಕೆ ಮುಗಿಯುತ್ತಿತ್ತು. ಪಿನ್ನಿನ ಡಬ್ಬಿಯಲ್ಲಿ ಆಕೆ ಆರಿಸಿಟ್ಟ ಹಳದಿ ಪಿನ್ನು ಹಾಗೇ ಇತ್ತು.

ಆಕೆಯ ಬಳಿ ಇದ್ದದ್ದು ಅಂಗೈಗಿಂತ ಚೂರು ಉದ್ದದ ಕೈಸೆಟ್ಟು. ತಲೆಯ ಮೇಲೆ ಬೆರಳುದ್ದದ ರಬ್ಬರ್ ಆಂಟೆನಾ. ಊರೊಳಗಿನವರ ಜೊತೆ ಹರಟಲು ಅದು ಧಾರಾಳ. ಶಾರ್ಟ್‌ವೇವ್ ಕೇಳುವ ಸೌಕರ್ಯವೂ ಅದರಲ್ಲಿತ್ತು, ಕೇಳುವುದಕ್ಕೆ ಮಾತ್ರ. ಆದರೆ ಅಲ್ಲಿಗೆ ತಿರುಗಿಸಿದರೆ ಸಾಕು, ಬಾಣಲೆಗೆ ನೀರು ಬಿದ್ದಂಥ ಸದ್ದು ಬಿಟ್ಟು ಬೇರೇನೂ ಬರುತ್ತಿರಲಿಲ್ಲ.

“ಅತ್ತಿಗೆ, ನಿಮ್ಮ ಸೆಟ್ಟು ರೇಡಿಯೋ ಅಲ್ಲ, ಪ್ರೆಷರ್ ಕುಕ್ಕರ್ರು,” ಎನ್ನುತ್ತಿದ್ದ ಮೈದುನ.

“ಕುಕ್ಕರ್ ಕೂಗೋವರೆಗೆ ಕಾಯ್ಬೇಕು ಕಣೋ. ನಿನ್ನ ಹಾಗೆ ಸುಮ್ಮಸುಮ್ಮನೆ ಕೂಗಲ್ಲ ಅದು.”

ಹಾಗೆಂದಳೇ ಹೊರತು ಒಳಗೊಳಗೆ ಹುಳ ಕೊರೆಯುತ್ತಿತ್ತು. ಸದ್ದು ಎಲ್ಲಿಂದ ಬರುತ್ತಿದೆ? ಆಕಾಶದಿಂದಲೋ, ಸೆಟ್ಟಿನ ಹೊಟ್ಟೆಯಿಂದಲೋ, ಮನೆಯಿಂದಲೋ? ಅಂಗಡಿಯಲ್ಲಿ ಗಿರಾಕಿಯ ಕಣ್ಣಿನ ಮುಂದೆ ಒಂದು ಗಾಜು ಇಟ್ಟು, ಇನ್ನೊಂದು ಇಟ್ಟು, “ಇದಾ? ಅದಾ? ಯಾವುದು ಚೆನ್ನಾಗಿ ಕಾಣುತ್ತೆ?” ಎಂದು ಕೇಳುವುದು ಆಕೆಯ ದಿನದ ಕೆಲಸ. ಎರಡೆರಡನ್ನೇ ಹೋಲಿಸುತ್ತ ಹೋದರೆ ಎಂಥ ಮಬ್ಬಿಗೂ ನಂಬರು ಸಿಕ್ಕೇ ಸಿಗುತ್ತದೆ. ಕಣ್ಣಿಗೆ ನಡೆಯುವುದು ಕಿವಿಗೆ ಯಾಕೆ ನಡೆಯಬಾರದು ಎಂದುಕೊಂಡು ಒಂದು ಸಂಜೆ ಮನೆಯ ಮೇನ್ ಸ್ವಿಚ್ಚನ್ನೇ ಕೆಳಗೆಳೆದಳು.

ಸದ್ದು ಅರ್ಧಕ್ಕರ್ಧ ಇಳಿಯಿತು.

ಆಮೇಲೆ ಒಂದೊಂದೇ ಹಚ್ಚುತ್ತ ಬಂದಳು. ಫ್ರಿಜ್ಜು ನಿರಪರಾಧಿ. ಹಜಾರದ ಎಲ್‌ಇಡಿ ಬಲ್ಬು ಹಚ್ಚಿದೊಡನೆ ಸೆಟ್ಟು ಗೊರಗೊರ ಎಂದಿತು. ಫೋನಿನ ಚಾರ್ಜರಂತೂ ಗರಗಸ. ಎಲ್ಲಕ್ಕಿಂತ ದೊಡ್ಡ ಕಳ್ಳ ಗಂಡನ ಮೀನುತೊಟ್ಟಿ. ಅದರ ಗಾಳಿಪಂಪು, ದೀಪ ಎರಡೂ ಸೇರಿ ಶಾರ್ಟ್‌ವೇವಿಗೆ ಪೂರ್ತಿ ಬೇಲಿ ಹಾಕಿಬಿಟ್ಟಿದ್ದವು. ಗಂಡ ಬೇಕರಿಯಲ್ಲಿ ಒಲೆಯ ಮುಂದೆ ಕೆಲಸ ಮಾಡುವವನು, ಮಿತಭಾಷಿ. ಇದ್ದಬದ್ದ ಮಾತನ್ನೆಲ್ಲ ಮೀನಿನ ಜೊತೆಗೇ ಆಡಿ ಮುಗಿಸುತ್ತಿದ್ದ.

“ಪಂಪು ಆರಿಸಿದ್ರೆ ಅವಕ್ಕೆ ಉಸಿರು?” ಎಂದ.

“ಸ್ವಲ್ಪ ಹೊತ್ತು ರೀ. ನಾನೂ ವರ್ಷದಿಂದ ಉಸಿರು ಬಿಗಿಹಿಡ್ಕೊಂಡೇ ಇದ್ದೀನಲ್ಲ.”

ಮುಂದಿನದು ಆಂಟೆನಾ. ರಬ್ಬರ್ ತುಂಡನ್ನು ತೆಗೆದು, ಅಲ್ಲಿಗೆ ಸುಟ್ಟುಹೋದ ಟ್ರಾನ್ಸ್‌ಫಾರ್ಮರಿನಿಂದ ಬಿಚ್ಚಿದ ತಾಮ್ರದ ತಂತಿಯನ್ನು ಸಿಕ್ಕಿಸಿ, ಇನ್ನೊಂದು ತುದಿಯನ್ನು ತಾರಸಿಯ ನೀರಿನ ತೊಟ್ಟಿಗೆ ಕಟ್ಟಿದಳು. ಉದ್ದ ಹೆಚ್ಚಿದಷ್ಟೂ ಒಳ್ಳೆಯದಲ್ಲವೇ ಎಂಬ ಲೆಕ್ಕ. ಸೆಟ್ಟು ತೆರೆದರೆ ಸಂತೆ. ಹತ್ತಿರದ ದಾಂಡಿಗ ಸ್ಟೇಷನ್ನುಗಳೆಲ್ಲ ಒಂದರ ಮೇಲೊಂದು ಬಿದ್ದು, ಎಲ್ಲಿ ತಿರುಗಿಸಿದರೂ ಅದೇ ವಾರ್ತೆ, ಅದೇ ಹಾಡು. ಪುಟ್ಟ ಸೆಟ್ಟಿಗೆ ಅಷ್ಟು ಊಟ ಅರಗುತ್ತಿರಲಿಲ್ಲ. ತಂತಿಯನ್ನು ಕತ್ತರಿಸುತ್ತ, ಕೇಳುತ್ತ, ಇದಾ ಅದಾ ಎನ್ನುತ್ತ, ಕೊನೆಗೆ ಬಾಲ್ಕನಿಯ ಈ ತುದಿಯಿಂದ ಆ ತುದಿಗೆ ಎರಡು ಸುತ್ತು ಬರುವಷ್ಟಕ್ಕೆ ನಿಲ್ಲಿಸಿದಳು. ಸಂತೆ ಚದುರಿತು. ದೂರದ ಪಿಸುಮಾತುಗಳು ಕೇಳತೊಡಗಿದವು. ಆದರೆ ಪಿಸುಮಾತೇ, ಹೆಸರು ಹಿಡಿಯುವಷ್ಟಿಲ್ಲ.

ಅದೇ ವಾರ ಒಂದಿಷ್ಟು ಹವ್ಯಾಸಿಗಳು ದೂರದ ಸಮುದ್ರದ ನಡುವಿನ ದೀಪಸ್ತಂಭದ ದ್ವೀಪವೊಂದಕ್ಕೆ ಹೋಗಿ ಟೆಂಟು ಹಾಕಿ ಕೂತಿದ್ದರು. ಆ ದ್ವೀಪದಲ್ಲಿ ಮನುಷ್ಯರಿಲ್ಲ, ಹಕ್ಕಿಗಳು ಮಾತ್ರ. ಶನಿವಾರ ಕತ್ತಲಾಗುವವರೆಗೆ ಅವರ ಸ್ಟೇಷನ್ನು ಮಾತಾಡುತ್ತದೆ, ಆಮೇಲೆ ಗಂಟುಮೂಟೆ. ಗೋಪುರದವರು ತಮ್ಮ ದೊಡ್ಡ ಸೆಟ್ಟಿನಲ್ಲಿ ಮೊದಲ ದಿನವೇ ಅವರನ್ನು ಹಿಡಿದಿದ್ದರು. ಮೈದುನ ಅವರ ಮನೆಗೆ ಹೋಗಿ ಕೇಳಿಯೂ ಬಂದಿದ್ದ. ನಕ್ಷೆಯ ಮೇಲೆ ಆ ದ್ವೀಪ ಸಾಸಿವೆಯಷ್ಟು. ಅದರ ಮೇಲೆ ಹಳದಿ ಪಿನ್ನು ಹೇಗೆ ಕಂಡೀತು ಎಂದು ಅತ್ತಿಗೆ ಲೆನ್ಸು ಉಜ್ಜುವಾಗಲೂ ಯೋಚಿಸುತ್ತಿದ್ದಳು.

ಬುಧವಾರ ಸಂಜೆ ಆ ಪವಾಡ ನಡೆಯಿತು. ಬಾಲ್ಕನಿಯ ಮೂಲೆಯಲ್ಲಿ ಮಳೆನೀರಿನ ಕಬ್ಬಿಣದ ಕೊಳವೆ, ಅದರ ಪಕ್ಕದ ಸ್ಟೂಲಿನ ಮೇಲೆ ಸೆಟ್ಟು, ಅದರ ಮುಂದೆ ಆಕೆ. ಸ್ಟೇಷನ್ನು ಹುಡುಕುವ ಗುಬುಟು ಮೆಲ್ಲಗೆ ತಿರುಗಿಸುತ್ತಿದ್ದ ಹಾಗೆ ಬಾತುಕೋಳಿಯೊಂದು ಕ್ವಾಕ್ ಕ್ವಾಕ್ ಎಂದಿತು. ಶಾರ್ಟ್‌ವೇವಿನ ಹವ್ಯಾಸಿಗಳ ಮಾತು ಸರಿಯಾದ ಜಾಗ ಸಿಗುವವರೆಗೆ ಬಾತುಕೋಳಿಯ ಹಾಗೇ ಕೇಳುವುದು. ಆಕೆ ಕೂದಲೆಳೆಯಷ್ಟು ತಿರುಗಿಸಿದಳು. ಬಾತುಕೋಳಿ ಮುದುಕನಾಯಿತು. ಇನ್ನೊಂದು ಎಳೆ. ಮುದುಕ ತರುಣನಾದ, ಮೂಗಿನಲ್ಲಿ ಮಾತಾಡುತ್ತ ದೀಪಸ್ತಂಭದ ದ್ವೀಪದ ಹೆಸರು ಹೇಳಿದ.

ಆಕೆಯ ಮೈಯೆಲ್ಲ ಕಿವಿಯಾಯಿತು. ಸಾಕ್ಷಿ ಬೇಕಲ್ಲ. ಗೋಪುರದವರಿಗೆ ಫೋನು ಮಾಡಿದಳು. ಪಕ್ಕದ ಬೀದಿಯವರು, ಮಂಡಿನೋವು ಬೇರೆ. ಆದರೂ ಮೂರು ಮಹಡಿ ಹತ್ತಿ ಬುಸುಬುಸು ಎನ್ನುತ್ತ ಬಂದರು. ಆಕೆ ಬಾಗಿಲು ತೆಗೆದು ಕರೆತರುವಾಗಲೂ ದನಿ ಬರುತ್ತಲೇ ಇತ್ತು. “ನನ್ನ ಸಿಗ್ನಲ್ ಹೇಗಿದೆ? ನನ್ನ ಸಿಗ್ನಲ್ ಹೇಗಿದೆ?”

ಗೋಪುರದವರು ಕಣ್ಣುಮುಚ್ಚಿ ಆಲಿಸಿದರು, ತಲೆದೂಗಿದರು. ಸೆಟ್ಟನ್ನು ಕೈಗೆತ್ತಿಕೊಂಡು ಕಣ್ಣಿನ ಹತ್ತಿರ ಹಿಡಿದರು. ಪರದೆ ಕಪ್ಪಾಗಿತ್ತು. ಒಂದು ಗುಂಡಿ ಒತ್ತಿದರು, ಇನ್ನೊಂದು ಒತ್ತಿದರು. ಬಾಗಿಲು ತೆಗೆಯಲು ಆಕೆ ಹೋದಾಗಲೇ ಬ್ಯಾಟರಿ ಪೂರ್ತಿ ಖಾಲಿಯಾಗಿತ್ತು. ದನಿ ಮಾತ್ರ ಸಿಗ್ನಲ್ ಹೇಗಿದೆ ಎಂದು ಕೇಳುವುದನ್ನು ಬಿಟ್ಟಿರಲಿಲ್ಲ.

ಗೋಪುರದವರು ಮೆಲ್ಲನೆ ಬಗ್ಗಿ, ಬಾಲ್ಕನಿಯ ನೀರು ಹರಿದುಹೋಗಲೆಂದು ಕೊಳವೆಗೆ ಇಟ್ಟಿದ್ದ ಬಾಯಿಗೆ ತಮ್ಮ ಬಾಯಿ ತಂದು ಹೇಳಿದರು: “ಸಿಗ್ನಲ್ ಭರ್ಜರಿಯಾಗಿದೆ ಮಹರಾಯ. ಒಂದು ಬ್ಯಾಟರಿ ಹಾಕಿದ್ರೆ ಇನ್ನೂ ಚೆನ್ನಾಗಿರುತ್ತೆ.”

ಕೊಳವೆಯ ಪ್ರಶ್ನೆ ಅರ್ಧಕ್ಕೇ ನಿಂತಿತು. ಆಮೇಲೆ ತಾರಸಿಯ ಕಡೆಯಿಂದ ಒಬ್ಬ ಹೊಟ್ಟೆ ಹಿಡಿದುಕೊಂಡು ಉರುಳುವ ಸದ್ದು ಕೇಳಿಸಿತು.

ಮೈದುನ ತಾರಸಿಯ ಕಟ್ಟೆಯ ಮೇಲಿಂದ ಬಗ್ಗಿ, ಗುಬುಟಿನ ಮೇಲಿನ ಆಕೆಯ ಬೆರಳನ್ನೇ ನೋಡುತ್ತ, ಬೆರಳು ತಿರುಗಿದಂತೆ ಕೊಳವೆಯ ಮೇಲ್ತುದಿಯ ಬಾಯಲ್ಲಿ ತನ್ನ ಗಂಟಲನ್ನೂ ತಿರುಗಿಸಿದ್ದ. ಬಾತುಕೋಳಿ, ಮುದುಕ, ತರುಣ ಮೂವರೂ ಅವನೇ. ನಡುನಡುವಿನ ಸುಯ್ ಎಂಬ ಸದ್ದೂ ಅವನದೇ.

“ನಾನು ಹತ್ತಿದ ಮೆಟ್ಟಿಲನ್ನ ಯಾರ ಖಾತೆಗೆ ಬರೀಲಿ?” ಎಂದು ಮಂಡಿ ಸವರಿಕೊಳ್ಳುತ್ತ ಗೋಪುರದವರು ಇಳಿದುಹೋದರು. ಮರುದಿನಕ್ಕೆ ಕ್ಲಬ್ಬಿಗೆಲ್ಲ ಸುದ್ದಿ. ಅಂಗಡಿಯಲ್ಲಿ ಫೋನು ಎತ್ತಿದರೆ “ನನ್ನ ಸಿಗ್ನಲ್ ಹೇಗಿದೆ?”

ಅತ್ತಿಗೆ ಮೈದುನನ ಜೊತೆ ಒಂದು ದಿನ ಮಾತು ಬಿಟ್ಟಳು. ಎರಡನೆಯ ದಿನ ಅವನು ಬೆಣ್ಣೆ ಬಿಸ್ಕತ್ತಿನ ಪೊಟ್ಟಣ ಹಿಡಿದು ಬಾಗಿಲಲ್ಲಿ ನಿಂತಾಗ ಆಕೆ ಬೈಯುತ್ತಾಳೆ ಎಂದುಕೊಂಡಿದ್ದ. ಆಕೆ ಕೇಳಿದ್ದು ಬೇರೆಯೇ.

“ಅಷ್ಟು ಮೇಲಿಂದ ಮಾತಾಡಿದ್ರೂ ಪಕ್ಕದಲ್ಲೇ ಕೂತ ಹಾಗೆ ಕೇಳ್ತಲ್ಲೋ. ನಡುವೆ ಎಲ್ಲೂ ಒಡಕಿಲ್ವಾ ಆ ಕೊಳವೆಗೆ?”

“ಹಳೇ ಕಾಲದ ಕಬ್ಬಿಣ ಅತ್ತಿಗೆ. ಬೆಸುಗೆ ಹಾಕಿ ಕೂಡಿಸಿದ್ದಾರೆ, ಒಂದೇ ತುಂಡಿನ ಹಾಗೆ. ಯಾಕೆ? ನೀವೂ ಮೇಲಿಂದ ಮಾತಾಡ್ತೀರಾ?”

“ಕೆಳಗೆ ಎಲ್ಲಿಗೆ ಹೋಗುತ್ತೆ ಅದು?”

ಅವನಿಗೆ ಗೊತ್ತಿರಲಿಲ್ಲ. ಆಕೆ ಬಿಸ್ಕತ್ತು ಬಾಯಲ್ಲಿಟ್ಟುಕೊಂಡೇ ಮೆಟ್ಟಿಲಿಳಿದಳು. ಕೊಳವೆಯ ಜೊತೆಜೊತೆಗೆ ಒಂದೊಂದು ಮಹಡಿ ಇಳಿದು ಹಿತ್ತಲಿಗೆ ಬಂದಳು. ಅದು ನಲ್ಲಿಯ ಪಕ್ಕದ ಒದ್ದೆ ಮಣ್ಣಿನಲ್ಲಿ ಹೂತುಹೋಗಿತ್ತು. ಆಕೆಯ ಕಣ್ಣು ಹೊಳೆಯಿತು. ತಂತಿಯೊಂದು ಕೈ. ಹಾಗಾದರೆ ಸೆಟ್ಟಿಗೆ ಕಾಲು ಎಲ್ಲಿ? ಅಂಗೈಯಲ್ಲಿ ಹಿಡಿದಾಗ ದನಿ ತುಸು ಏರುತ್ತದೆ, ಸ್ಟೂಲಿನ ಮೇಲಿಟ್ಟರೆ ಇಳಿಯುತ್ತದೆ ಎಂಬುದನ್ನು ಆಕೆ ಮೊದಲೇ ಗಮನಿಸಿದ್ದಳು. ಅದಕ್ಕೆ ಕಾಲೂರಲು ನೆಲ, ಅಂದರೆ ಅರ್ಥಿಂಗು, ಬೇಕಾಗಿತ್ತು, ಸಿಗದೆ ಆಕೆಯ ಮೈಯನ್ನೇ ನೆಲ ಮಾಡಿಕೊಳ್ಳುತ್ತಿತ್ತು.

ಶನಿವಾರ ಅಂಗಡಿಯನ್ನು ಬೇಗ ಮುಚ್ಚಿದಳು. ಕನ್ನಡಕದ ಚೌಕಟ್ಟು ತೀಡುವ ಸಣ್ಣ ಅರದಿಂದ ಬಾಲ್ಕನಿಯ ಕೊಳವೆಯ ಬಣ್ಣ ಕೆರೆದು, ಹೊಳೆಯುವ ಕಬ್ಬಿಣ ಕಾಣಿಸಿದ ಮೇಲೆ ಅಲ್ಲಿಗೆ ಒಂದು ಕ್ಲಿಪ್ಪು ಹಾಕಿದಳು. ಕ್ಲಿಪ್ಪಿನ ತಂತಿಯನ್ನು ಸೆಟ್ಟಿನ ಆಂಟೆನಾ ಬುಡದ ಲೋಹದ ಬಳೆಗೆ ಸುತ್ತಿದಳು. ಹೊಸ ಬ್ಯಾಟರಿ ಹಾಕಿದಳು. ಮೇನ್ ಸ್ವಿಚ್ಚು ಕೆಳಗೆ. ಗಂಡ ನಿಟ್ಟುಸಿರುಬಿಟ್ಟು ಮೀನುತೊಟ್ಟಿಯ ನೀರನ್ನು ಸೌಟಿನಿಂದ ಎತ್ತಿ ಎತ್ತಿ ಹುಯ್ಯಲು ಕೂತ, ಮೀನುಗಳಿಗೆ ಗಾಳಿ ಸಿಗಲೆಂದು.

ಹೊತ್ತು ಮುಳುಗುವ ಸಮಯ. ಕ್ಲಿಪ್ಪು ಇಲ್ಲದೆ ಕೇಳಿದಳು: ಪಿಸುಮಾತು. ಕ್ಲಿಪ್ಪು ಹಾಕಿ ಕೇಳಿದಳು: ಪಿಸುಮಾತು ಎದ್ದು ಕೂತಿತು. ಗುಬುಟು ತಿರುಗಿತು. ಬಾತುಕೋಳಿ. ಮುದುಕ. ಮೂಗಿನಲ್ಲಿ ಮಾತಾಡುವ ತರುಣ.

ಅದೇ ದನಿ, ಅದೇ ಮೂಗು, ಅದೇ ದ್ವೀಪದ ಹೆಸರು.

ಅತ್ತಿಗೆಗೆ ಪಿತ್ತ ನೆತ್ತಿಗೇರಿತು. ಕೊಳವೆಯ ಬಾಯಿಗೆ ಬಗ್ಗಿ, “ಸಾಕು, ಇಳಿದು ಬಾರೋ ಕೋತಿ. ಒಂದೇ ಹಾಡು ಎಷ್ಟು ಸಲ ಹಾಡ್ತೀಯ. ಕಾಫಿ ಆರ್ತಾ ಇದೆ,” ಎಂದಳು.

ದನಿ ಕಾಫಿಗೆ ಬಗ್ಗಲಿಲ್ಲ. ಮಾತಾಡುತ್ತಲೇ ಹೋಯಿತು. ಆಗ ರಸ್ತೆಯಾಚೆಯ ನಿಲ್ದಾಣದ ಮೈಕಿನಿಂದ, “ಮೂರನೇ ಅಂಕಣದಲ್ಲಿ ನಿಂತಿರುವ ಬಸ್ಸು ಇನ್ನೇನು ಹೊರಡಲಿದೆ. ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿದವರು ಟವೆಲ್ ಜೊತೆ ತಾವೂ ಹತ್ತಬೇಕು,” ಎಂಬ ಮೈದುನನ ದನಿ ತೇಲಿಬಂತು.

ಒಂದು ಕಿವಿಯಲ್ಲಿ ಅವನು, ಇನ್ನೊಂದು ಕಿವಿಯಲ್ಲೂ ಅವನು. ಅತ್ತಿಗೆ ಅಲುಗಾಡದೆ ಕೂತಳು. ನಿಲ್ದಾಣದಲ್ಲಿ ರೆಕಾರ್ಡು ಹಾಕಿ ತಾರಸಿಗೆ ಬಂದಿರಬಹುದೇ? ಸೆಟ್ಟು ಆರಿಸಿದಳು. ದ್ವೀಪ ನಿಂತಿತು. ಹಚ್ಚಿದಳು, ದ್ವೀಪ ಬಂತು. ಕ್ಲಿಪ್ಪು ತೆಗೆದಳು, ಮುಳುಗಿತು. ಹಾಕಿದಳು, ಎದ್ದಿತು. ಇದಾ, ಅದಾ. ಇನ್ನು ಸಂಶಯವಿರಲಿಲ್ಲ. ಆಕಾಶದಾಚೆಯಿಂದ ಯಾರೋ ಒಬ್ಬ ಈ ಬಾಲ್ಕನಿಗೆ ಬಂದು ಕೂತಿದ್ದ. ಆಕೆ ಅವನನ್ನು ಕೋತಿ ಎಂದಿದ್ದಳು.

ಸಾಕ್ಷಿ. ಗೋಪುರದವರ ಫೋನು ಹೊಡೆದುಕೊಂಡೇ ಹೊಡೆದುಕೊಂಡಿತು, ಎತ್ತಲಿಲ್ಲ. ಕತ್ತಲಾಗುತ್ತಿತ್ತು. ಹತ್ತಿರದಲ್ಲಿ ಇನ್ನೊಬ್ಬನೇ ಸದಸ್ಯ. ನಿಲ್ದಾಣದ ವಿಚಾರಣೆಯ ನಂಬರು ಒತ್ತಿದಳು.

“ವಿಚಾರಣೆ. ಯಾವ ಬಸ್ಸು ಬೇಕು?”

“ನಾನು ಕಣೋ. ದ್ವೀಪ ಬಂದಿದೆ. ಓಡಿ ಬಾ.”

“ಓಹೋ. ಸೇಡಾ?” ಅವನು ನಕ್ಕ. “ನನ್ನ ಡ್ಯೂಟಿ ಬಿಡಿಸಿ, ಮೆಟ್ಟಿಲು ಹತ್ತಿಸಿ, ಮೇಲಿಂದ ನೀರು ಹುಯ್ಯೋ ಪ್ಲಾನು. ನಾನು ಕಲಿಸಿದ ವಿದ್ಯೆ ನನಗೇನಾ ಅತ್ತಿಗೆ?”

“ನೀರು ಹುಯ್ಯೋರು ಇಲ್ಲೊಬ್ಬರಿದ್ದಾರೆ, ಮೀನಿನ ತೊಟ್ಟಿಗೆ. ಮನೇಲಿ ದೀಪ ಇಲ್ಲ, ನಿಮ್ಮಣ್ಣ ಕತ್ತಲಲ್ಲಿ ಕೂತು ಸೌಟಾಡಿಸ್ತಾ ಇದ್ದಾರೆ. ಬೇಕಾದ್ರೆ ಅವರನ್ನೇ ಕೇಳು.”

ಗಂಡ ಫೋನು ತೆಗೆದುಕೊಂಡು, “ಬೇಗ ಬಾರೋ. ಕೈ ನೋಯ್ತಾ ಇದೆ,” ಎಂದಷ್ಟೇ ಹೇಳಿ ಕೊಟ್ಟ.

ಅಣ್ಣ ಹುಟ್ಟಿದಾಗಿನಿಂದ ಒಂದು ತಮಾಷೆಯನ್ನೂ ಮಾಡಿದವನಲ್ಲ. ಮೈದುನ ಬಂದ. ಕುತ್ತಿಗೆಯಲ್ಲಿ ಡ್ಯೂಟಿಯ ಬಿಲ್ಲೆ ತೂಗಾಡುತ್ತಿತ್ತು. ಬಂದವನೇ ಮೊದಲು ತಲೆಯೆತ್ತಿ ತಾರಸಿ ನೋಡಿದ, ಪರದೆ ಸರಿಸಿದ, ಕಪಾಟು ತೆಗೆದ, ಕೊಳವೆಗೆ ಕಿವಿಯಿಟ್ಟ. ಕೊಳವೆ ಮೌನವಾಗಿತ್ತು, ಸೆಟ್ಟು ಮಾತಾಡುತ್ತಿತ್ತು. ಅತ್ತಿಗೆ ಕ್ಲಿಪ್ಪು ತೆಗೆದಳು, ಹಾಕಿದಳು. “ಇದಾ? ಅದಾ?”

ಅವನು ನಿಧಾನವಾಗಿ ನೆಲದ ಮೇಲೆ ಕೂತ. “ಅತ್ತಿಗೆ,” ಎಂದ ತಗ್ಗಿದ ದನಿಯಲ್ಲಿ, “ಇದು ನಾನಲ್ಲ.”

“ಗೊತ್ತು ಕಣೋ. ಕೇಳು ಸುಮ್ಮನೆ.”

ಆಗಲೇ ದ್ವೀಪದಲ್ಲಿ ಏನೋ ಗಲಾಟೆಯೆದ್ದಿತು. ರೆಕ್ಕೆಯ ಬಡಿತ, ಏನೋ ಬಿದ್ದ ಸದ್ದು, ತರುಣನ ಕೀರಲು ಕೂಗು, ಎರಡು ಸೀನು. ಆಮೇಲೆ ಅವನು ಏದುಸಿರಿನಲ್ಲಿ ಎಲ್ಲರ ಕ್ಷಮೆ ಕೇಳಿದ: ಹಕ್ಕಿಯೊಂದು ಟೆಂಟಿಗೆ ನುಗ್ಗಿ ಮೈಕನ್ನು ಕುಕ್ಕಿ ಹೋಯಿತಂತೆ. ಅತ್ತಿಗೆ, ಮೈದುನ ಮುಖ ಮುಖ ನೋಡಿಕೊಂಡರು. ಸೌಟು ಹಿಡಿದ ಗಂಡನೂ ಬಾಲ್ಕನಿಗೆ ಬಂದು ನಿಂತ. ದ್ವೀಪದ ದನಿ ತೆಳ್ಳಗಾಗುತ್ತ ಆಗುತ್ತ ಸುಯ್ ಎಂಬುದರಲ್ಲಿ ಕರಗುವವರೆಗೆ ಮೂವರೂ ಸೆಟ್ಟಿನತ್ತಲೇ ಬಾಗಿಕೊಂಡಿದ್ದರು. ಎದುರಿನ ನಿಲ್ದಾಣದಲ್ಲಿ ಒಂದು ಬಸ್ಸು ಯಾರಿಗೂ ಹೇಳದೆ ಕೇಳದೆ ಹೊರಟುಹೋಯಿತು.

ಭಾನುವಾರ ಕ್ಲಬ್ಬಿನಲ್ಲಿ ಅತ್ತಿಗೆ ಹಳದಿ ಪಿನ್ನಿಗೆ ಕೈ ಹಾಕಿದಳು.

“ಸಾಕ್ಷಿ ಯಾರು?” ಎಂದರು ಗೋಪುರದವರು.

“ನಾನು,” ಎಂದ ಮೈದುನ.

ಕೋಣೆಯೇ ಹಾರಿಹೋಗುವಂಥ ನಗು ಎದ್ದಿತು. ಒಬ್ಬರು ಬ್ಯಾಟರಿ ಎಲ್ಲಿ ಎಂದು ಕೇಳಿದರು, ಇನ್ನೊಬ್ಬರು ಕೊಳವೆಗೂ ಸದಸ್ಯತ್ವ ಕೊಡೋಣ ಎಂದರು. ಮೈದುನನ ಮುಖ ಸಣ್ಣಗಾಯಿತು. “ನಿಜವಾಗ್ಲೂ ಕೇಳಿದೆ. ಒಂದು ಬಸ್ಸು ಕೂಗದೆ ಬಿಟ್ಟಿದ್ದಕ್ಕೆ ಮೇಲಿನವರು ಬೈದಿದ್ದಾರೆ. ಬೇಕಾದ್ರೆ ಕೇಳಿ,” ಎಂದ. ಕೇಳುವುದಿರಲಿ, ಅವನು ಸುಳ್ಳು ಹೇಳುವಾಗಲೂ ಹೀಗೇ ಮುಖ ಮಾಡುತ್ತಾನೆ ಎಂದು ಯಾರೋ ನೆನಪಿಸಿದರು. ಅತ್ತಿಗೆ ಪಿನ್ನನ್ನು ಮುಷ್ಟಿಯಲ್ಲಿ ಹಿಡಿದು ನಿಂತೇ ಇದ್ದಳು. ಇಷ್ಟೆಲ್ಲ ತಂತಿ, ಕತ್ತರಿ, ಕ್ಲಿಪ್ಪು ಆದ ಮೇಲೆ, ಕೆಟ್ಟಿದ್ದು ಸೆಟ್ಟಲ್ಲ, ಸಾಕ್ಷಿ.

ಗೋಪುರದವರು ಕೈಯೆತ್ತಿ ಗದ್ದಲ ನಿಲ್ಲಿಸಿದರು. “ನಿನ್ನೆ ಮುಸ್ಸಂಜೆ ನಾನೂ ಕಿವಿಗೆ ಹೆಡ್‌ಫೋನ್ ಹಾಕ್ಕೊಂಡು ದ್ವೀಪ ಕೇಳ್ತಾ ಇದ್ದೆ. ಅದಕ್ಕೇ ಅತ್ತಿಗೆ, ನಿಮ್ಮ ಫೋನು ಕೇಳಿಸ್ಲಿಲ್ಲ. ಅಲ್ಲೊಂದು ವಿಷಯ ನಡೀತು. ನಾನಿನ್ನೂ ಯಾರ ಹತ್ರಾನೂ ಬಾಯಿ ಬಿಟ್ಟಿಲ್ಲ. ನೀನು ಸ್ವಲ್ಪ ಆಚೆ ಹೋಗಪ್ಪ.”

ಮೈದುನ ಹೊರಗೆ ಹೋದ. ಅತ್ತಿಗೆ ಹಕ್ಕಿಯ ಸಂಗತಿ ಹೇಳಿದಳು. ಗೋಪುರದವರು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಬಾಗಿಲು ತೆಗೆದು ಮೈದುನನನ್ನು ಒಳಗೆ ಕರೆದರು. “ಹೇಳು.”

ಅವನು ಹೇಳಲಿಲ್ಲ, ಮಾಡಿದ. ಮೂಗಿನ ದನಿ, ನಡುವೆ ತೇಲಿಹೋಗಿ ಮತ್ತೆ ಬರುವ ಸಿಗ್ನಲ್ಲು, ರೆಕ್ಕೆ ಫಡಫಡ, ಬಿದ್ದ ಸದ್ದು, ಕೀರಲು ಕೂಗು, ಒಂದು ದೊಡ್ಡ ಸೀನು, ಅದರ ಹಿಂದೆ ಅದರ ಮರಿಯಂಥ ಇನ್ನೊಂದು ಸೀನು, ಏದುಸಿರಿನ ಕ್ಷಮೆ. ಗೋಪುರದವರು ಕಣ್ಣುಮುಚ್ಚಿ ಕೇಳಿದರು. ಎರಡನೆಯ ಸೀನಿಗೆ ಅವರ ತುಟಿ ಅರಳಿತು.

“ಮರಿಸೀನು ಕೂಡ ಬಿಟ್ಟಿಲ್ಲ ಇವನು,” ಎಂದರು. “ಅತ್ತಿಗೆ ಹತ್ರ ಇರೋದು ಆ ಒಂದೇ ಸೆಟ್ಟು. ಕೇಳಿದ್ದು ಹೌದು. ಚುಚ್ಚಿ ಅತ್ತಿಗೆ.” ಜೇಬಿನಿಂದ ಬೀಗದಕೈ ತೆಗೆದು ಮೇಜಿನ ಮೇಲಿಟ್ಟರು.

ಆಕೆ ನಕ್ಷೆಯ ಮುಂದೆ ನಿಂತು, ಮೂಗಿನ ಮೇಲಿನ ಕನ್ನಡಕ ಸರಿಪಡಿಸಿಕೊಂಡು, ಸಾಸಿವೆಯಷ್ಟು ದ್ವೀಪವನ್ನು ಹುಡುಕಿ ಪಿನ್ನಿನ ತುದಿ ಅಲ್ಲಿಗೆ ತಂದಳು. ಆಗ ಹಿಂದಿನಿಂದ ಯಾರೋ ಕೇಳಿದರು, “ಅಲ್ಲಯ್ಯ, ದ್ವೀಪ ಮೊದಲು ಸಿಕ್ಕಿದಾಗ ಅತ್ತಿಗೆ ಏನಂದ್ರಂತೆ? ಕುಣಿದಾಡಿರ್ಬೇಕು.”

“ಅದನ್ನ ಅಣ್ಣ ಹೇಳಿದ್ದಾರೆ,” ಎಂದ ಮೈದುನ.

“ಬೇಡ ಕಣೋ,” ಎಂದಳು ಅತ್ತಿಗೆ ನಕ್ಷೆಯಿಂದ ಕಣ್ಣು ತೆಗೆಯದೆ.

ಬೇಡವೆಂದರೆ ನಿಲ್ಲುವ ಗಂಟಲೇ ಅದು? ಸೆರಗು ಸೊಂಟಕ್ಕೆ ಸಿಕ್ಕಿಸುವ ಹಾಗೆ ಮಾಡಿ, ಬಗ್ಗಿ, ಅವನು ಏಳು ಸಮುದ್ರದಾಚೆಯ ಆ ತರುಣನಿಗೆ ಥೇಟ್ ಅತ್ತಿಗೆಯ ದನಿಯಲ್ಲಿ ಗದರಿದ: “ಸಾಕು, ಇಳಿದು ಬಾರೋ ಕೋತಿ. ಒಂದೇ ಹಾಡು ಎಷ್ಟು ಸಲ ಹಾಡ್ತೀಯ. ಕಾಫಿ ಆರ್ತಾ ಇದೆ.”

ಪಿನ್ನು ಹಿಡಿದವಳ ಹೆಗಲು ಕುಲುಕಿತು. ಪಿನ್ನು ದ್ವೀಪವನ್ನು ತಪ್ಪಿಸಿಕೊಂಡು ನಡುನೀರಿಗೆ ಚುಚ್ಚಿತು, ಮತ್ತೆ ಕಿತ್ತರೆ ಇನ್ನೊಂದು ಕಡೆ. “ಅತ್ತಿಗೆ, ಪಾಪ, ಟೆಂಟಿನವರನ್ನ ಮುಳುಗಿಸ್ಬೇಡಿ,” ಎಂದರು ಗೋಪುರದವರು. ಅಷ್ಟು ಸಾಕಾಯಿತು. ಆಕೆ ನಕ್ಷೆಗೆ ಹಣೆಯೊರಗಿಸಿ, ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತ, ಕೋಣೆಯ ಎಲ್ಲರ ನಗುವಿನ ಮೇಲೆ ತನ್ನದೊಂದೇ ಕೇಳಿಸುವಷ್ಟು ಜೋರಾಗಿ ನಗುತ್ತಿದ್ದಳು.